ಇಲಿ ಅಗೆದು ಬೆಟ್ಟ ಹಿಡಿದವಳು

ಲೋಕದ ಜನ ಬೆಟ್ಟ ಅಗೆದು ಇಲಿ ಹಿಡಿಯುತ್ತಾರೆ. ಧಾರವಾಡದ ನೀಲಾಂಬಿಕಾ ಹಂಚಿನಾಳ ಇಲಿ ಅಗೆದು ಬೆಟ್ಟ ಹಿಡಿದಳು. ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು. ನಡೆದದ್ದು ಇನ್ನೂ ಬಾರದ ಒಂದು ವರ್ಷದಲ್ಲಿ ಅನ್ನುವುದನ್ನು ಬಿಟ್ಟರೆ ಪ್ರತಿ ಅಕ್ಷರವೂ ನಿಜ. ನಂಬದವರು ಆ ವರ್ಷ ಬರುವ ತನಕ ತಡೆದುಕೊಂಡು ಆಮೇಲೆ ಜಗಳಕ್ಕೆ ಬರಬಹುದು.

ನೀಲಾಳ ಕೆಲಸ ಇಲಿಮನೆಯಲ್ಲಿ. ಊರ ಹೊರಗಿನ ಸಂಶೋಧನಾಲಯದ ಹಿಂಭಾಗದಲ್ಲಿ, ಗಾಜಿನ ಪಂಜರಗಳ ಸಾಲು ಸಾಲು. ಒಳಗೆ ಹೋಗಬೇಕಾದರೆ ಪರಿಮಳವಿಲ್ಲದ ಸಾಬೂನಿನಲ್ಲಿ ಸ್ನಾನ ಮಾಡಬೇಕು, ಉಟ್ಟದ್ದನ್ನು ಹೊರಗೆ ಬಿಟ್ಟು ಅಲ್ಲಿಯ ನಿಲುವಂಗಿ ತೊಡಬೇಕು. ಯಾಕೆಂದರೆ ಇಲಿಗೆ ಕಣ್ಣು ಅಲಂಕಾರಕ್ಕೆ, ಮೂಗೇ ಅದರ ಆಧಾರ ಕಾರ್ಡು. ಯಾರು ನಮ್ಮವರು, ಯಾರು ಪರವೂರಿನವರು, ಯಾರು ಮೇಲಿನ ಅಧಿಕಾರಿ ಅನ್ನುವುದನ್ನೆಲ್ಲ ಅದು ಮೂಸಿಯೇ ತಿಳಿಯುತ್ತದೆ. ಅಪರಿಚಿತ ಗಂಡಸಿನ ಬೆವರು ಮೂಗಿಗೆ ಬಡಿದರೆ ಹೆದರಿ ಕಲ್ಲಾಗುತ್ತದೆ. ಹೀಗಾಗಿ ನೀಲಾ ಮಲ್ಲಿಗೆ ಬಿಟ್ಟಳು, ಕೊಬ್ಬರಿ ಎಣ್ಣೆ ಬಿಟ್ಟಳು, ಪೌಡರು ಬಿಟ್ಟಳು, ದೇವರ ಮುಂದಿನ ಊದಿನಕಡ್ಡಿಯನ್ನೂ ಬಿಟ್ಟಳು. ಬಳ್ಳೊಳ್ಳಿ ಒಗ್ಗರಣೆ ಹಾಕಿದ ದಿನ ಎರಡೆರಡು ಸಲ ಮೀಯುತ್ತಿದ್ದಳು. ಅವಳ ಸಹಾಯಕ ಅನ್ವರ ನದಾಫ ಹೇಳುತ್ತಿದ್ದ, "ಮೇಡಂ, ನೀವು ಬಂದದ್ದು ಬೆಕ್ಕಿಗೂ ಗೊತ್ತಾಗಂಗಿಲ್ರಿ."

ಅವಳು ಅಗೆದದ್ದು ಇಲಿಯ ಮಿದುಳನ್ನು. ಅದರ ತಳದಲ್ಲಿ ಒಂದು ಚಿಟಿಕೆಯಷ್ಟು ಜೀವಕೋಶಗಳಿವೆ. ಇಲಿಯನ್ನು ಒಂಟಿಯಾಗಿ ಇಟ್ಟರೆ ಆ ಕೋಶಗಳು ಕೂಗಲು ಶುರು ಮಾಡುತ್ತವೆ. ಹೊಟ್ಟೆಯ ಹಸಿವಿನಂತೆಯೇ ಅದೊಂದು ಹಸಿವು, ಜೊತೆಯ ಹಸಿವು. ಮತ್ತೆ ಗೆಳೆಯರ ನಡುವೆ ಬಿಟ್ಟರೆ ಇಲಿ ಓಡಿ ಹೋಗಿ ಅವರ ಹೊಟ್ಟೆಯಡಿ ತೂರಿಕೊಳ್ಳುತ್ತದೆ. ಕೋಶಗಳು ಉಂಡು ಮಲಗುತ್ತವೆ. ಆದರೆ ಒಂದು ಬಗೆಯ ಮಿದುಳುಜ್ವರದಿಂದ ಬದುಕಿ ಉಳಿದ ಇಲಿಗಳಲ್ಲಿ ಆ ಕೋಶಗಳು ಉಣ್ಣದೆಯೇ ಮಲಗಿಬಿಟ್ಟಿದ್ದವು. ಅಂಥ ಇಲಿ ತಿನ್ನುತ್ತದೆ, ಚಕ್ರ ತಿರುಗಿಸುತ್ತದೆ. ಒಡಹುಟ್ಟಿದ ಇಲಿ ಎದುರಿಗೆ ಬಂದರೆ ಮಾತ್ರ ಕಲ್ಲನ್ನು ಬಳಸಿ ಹೋದ ಹಾಗೆ ಬಳಸಿ ಹೋಗುತ್ತದೆ.

ಬೆಳಕು ಬಿದ್ದರೆ ಎಚ್ಚರಾಗುವಂತೆ ಆ ಕೋಶಗಳನ್ನು ಮಾರ್ಪಡಿಸಿ, ಕೂದಲೆಳೆಯಷ್ಟು ಗಾಜಿನ ತಂತು ಇಳಿಸಿ, ಅವಳು ಅವನ್ನು ಎಬ್ಬಿಸಲು ಕಲಿತಿದ್ದಳು. ಮನುಷ್ಯರ ತಲೆಗೆ ತಂತು ಇಳಿಸುವ ಹಾಗಿಲ್ಲ. ಅದಕ್ಕೇ ಒಂದು ಪಟ್ಟಿ ಮಾಡಿದಳು. ಕಿವಿಗೆ ಕೇಳದಷ್ಟು ಮೇಲಿನ ಶ್ರುತಿಯ ಸದ್ದನ್ನು ಅದು ಹಣೆಯ ಸುತ್ತಲಿಂದ ಕಳಿಸಿ, ಮಿದುಳಿನೊಳಗೆ ಒಂದೇ ಚುಕ್ಕಿಯಲ್ಲಿ ಕೂಡಿಸುತ್ತದೆ. "ಹಣೆಗೆ ಕಟ್ಟಿದ್ರ ಹಣೆಪಟ್ಟಿ, ಗೆಣೆತನ ಹುಟ್ಟಿಸಿದ್ರ ಗೆಣೆಪಟ್ಟಿ," ಅಂದ ಅನ್ವರ. ಹೆಸರು ಅದೇ ನಿಂತಿತು.

ಇಷ್ಟೆಲ್ಲ ಅವಸರ ಯಾಕೆ ಅಂದರೆ, ಅದೇ ಜ್ವರದಿಂದ ಬದುಕಿ ಉಳಿದವನೊಬ್ಬ ಅವಳ ಮನೆಯಲ್ಲಿದ್ದ. ಅವಳ ಗಂಡ ಪ್ರಭುಲಿಂಗ.

ಜ್ವರಕ್ಕೆ ಮೊದಲು ಪ್ರಭು ಹಗಲು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ, ಸಂಜೆ ಸಭೆಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದ. ವಾಷರು ಹೋದ ಕುಕ್ಕರು, ಹುಬ್ಬಳ್ಳಿ ಬಸ್ಸಿನ ಕಂಡಕ್ಟರು, ಭಾಷಣಕ್ಕಿಂತ ಕೆಮ್ಮೇ ಹೆಚ್ಚಾದ ಮುಖ್ಯ ಅತಿಥಿ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಅನ್ವರ ಅವನ ವಿದ್ಯಾರ್ಥಿ. ಭೌತಶಾಸ್ತ್ರಕ್ಕಿಂತ ಮಿಮಿಕ್ರಿಯನ್ನೇ ಚೆನ್ನಾಗಿ ಕಲಿತವನು. ಗುರುವಿನ ಎಲ್ಲ ದನಿಗಳೂ ಶಿಷ್ಯನಿಗೆ ಬಂದವು, ಒಂದರ ಹೊರತು. ಅದು ಪ್ರಭುವಿನ ತಾಯಿ ಈರವ್ವನ ದನಿ. ಅರ್ಧ ಗದರಿಕೆ, ಅರ್ಧ ಹಾಡು, ಕೊನೆಯಲ್ಲೊಂದು ಸಣ್ಣ ಕೀರಲು. "ಅದು ಹೊಟ್ಟ್ಯಾಗಿಂದ ಬರಬೇಕಲೇ, ಆಕಿ ಹೊಟ್ಟ್ಯಾಗಿಂದ ಬಂದಾಂವಗಷ್ಟ ಬರತೈತಿ," ಅನ್ನುತ್ತಿದ್ದ ಪ್ರಭು.

ಆ ದನಿಯನ್ನು ಅವನು ಹೆಂಡತಿಯ ಮೇಲೇ ಪ್ರಯೋಗಿಸುತ್ತಿದ್ದ. ನೀಲಾ ಪ್ರಬಂಧ ಬರೆಯುತ್ತಾ ಮುಳುಗಿ ಕೂತಾಗ ಒಳಗಿನಿಂದ ಈರವ್ವ ಕೂಗುತ್ತಿದ್ದಳು: "ಏ ನೀಲಾ, ಹಾಲು ಉಕ್ಕಿತ್ ನೋಡs!" ನೀಲಾ ಪೆನ್ನು ಬಿಸಾಕಿ ಅಡಿಗೆಮನೆಗೆ ಓಡುತ್ತಿದ್ದಳು. ಒಲೆ ತಣ್ಣಗೆ. ಹಾಲಿನ ಪಾತ್ರೆ ತೊಳೆದು ಬೋರಲು ಹಾಕಿದ್ದು. ಈರವ್ವ ಗುಡಿಗೆ ಹೋಗಿ ಗಂಟೆಯಾಗಿದೆ. ತಿರುಗಿ ಬಂದರೆ ಪ್ರಭು ಪೇಪರು ಹಿಡಿದು, ಗುಡಿಯ ಮುಂದಿನ ಬಸವಣ್ಣನಂತೆ ಮುಖ ಮಾಡಿಕೊಂಡು ಕೂತಿರುತ್ತಿದ್ದ. "ಪಿಎಚ್‌ಡಿ ಮಾಡಿದ ಹೆಣ್ಮಗಳು, ದಿನಾ ಒಂದs ಹಳ್ಳಕ್ಕ ಬೀಳತಿಯಲ್ಲ," ಅನ್ನುತ್ತಿದ್ದ. ನಾಳೆ ಬೀಳುವುದಿಲ್ಲ ಅಂತ ಅವಳು ಶಪಥ ಮಾಡುತ್ತಿದ್ದಳು. ನಾಳೆಯೂ ಬೀಳುತ್ತಿದ್ದಳು.

ಮೂರು ವರ್ಷದ ಹಿಂದೆ ಜ್ವರ ಇಳಿದು ಮನೆಗೆ ಬಂದವನು ಉಣ್ಣುತ್ತಾನೆ, ಸ್ನಾನ ಮಾಡುತ್ತಾನೆ, ಕೇಳಿದರೆ ಗಡಿಯಾರ ನೋಡಿ ಗಂಟೆ ಹೇಳುತ್ತಾನೆ. ಆದರೆ ಮನುಷ್ಯರು ಅವನಿಗೆ ಕಪಾಟು, ಕುರ್ಚಿಗಳ ಸಾಲಿಗೆ ಸೇರಿದ್ದರು. ನೀಲಾ ಎದುರು ನಿಂತರೆ ಬಳಸಿಕೊಂಡು ಹೋಗುತ್ತಾನೆ. ಗೋಡೆಗೆ ಮುಖ ಮಾಡಿ ಹಾಕಿದ ಒಂದು ಕುರ್ಚಿಯಲ್ಲಿ ಅವನ ಹಗಲೆಲ್ಲ ಮುಗಿಯುತ್ತದೆ.

ಈರವ್ವ ಪ್ರತಿ ಊಟಕ್ಕೂ ಕೇಳುತ್ತಿದ್ದಳು, "ಪ್ರಭೂ, ಇತ್ತಾಗ ನೋಡಪಾ. ನಾ ಯಾರು ಹೇಳು?"

ಅವನು ತಟ್ಟೆ ನೋಡಿ ಹೇಳುತ್ತಿದ್ದ, "ರೊಟ್ಟಿ."

"ಹೌದಪಾ, ರೊಟ್ಟೀನs. ತಿನ್ನು," ಅನ್ನುತ್ತಿದ್ದಳು ಈರವ್ವ. ಹೇಳಿ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಇನ್ನೊಂದು ಸೋಂಕು ತಗುಲಿದರೆ ಆಸೆಯಿಲ್ಲ ಅಂದಿದ್ದರು ಆಸ್ಪತ್ರೆಯವರು. ನೀಲಾ ಮನೆಯನ್ನು ಇಲಿಮನೆಯ ಹಾಗೆ ತೊಳೆದಳು. ನೆಲಕ್ಕೆ ಫಿನೈಲು, ಪಾತ್ರೆಗೆ ಕುದಿನೀರು. ಅವನ ತಲೆದಿಂಬು, ಶಾಲು, ಈರವ್ವ ಹಳೆ ಸೀರೆಗಳಲ್ಲಿ ಹೊಲಿದ ಕೌದಿ, ಎಲ್ಲ ಕುದಿದು ಬಿಳಿಚಿಕೊಂಡವು. ಬಳ್ಳೊಳ್ಳಿ ನಿಂತಿತು. ಅತ್ತೆಯ ಎಲೆ-ಅಡಿಕೆ-ತಂಬಾಕಿನ ಚೀಲ ತಿಪ್ಪೆಗೆ ಹೋಗಬೇಕು ಅಂತ ಆಜ್ಞೆಯಾಯಿತು.

"ನನ್ನ ಮಗ ಆಸ್ಪತ್ರಿಂದ ಮನಿಗೆ ಬಂದಾನೋ, ಆಸ್ಪತ್ರೀನs ಮನಿಗೆ ಬಂದೈತೋ?" ಅಂದಳು ಈರವ್ವ.

"ಅವರ ಸಲುವಾಗಿ ಮಾಡಾಕತ್ತೇನ್ರಿ ಅತ್ತಿ."

"ಮಾಡವಾ ಮಾಡು. ಮೂಗು ಇಟ್ಟರ ಮನಿ ಐತೋ ಇಲ್ಲೋ ಗೊತ್ತಾಗವಲ್ದು."

ಗೆಣೆಪಟ್ಟಿಯನ್ನು ಪ್ರಭುವಿಗೆ ಕಟ್ಟಿ ನೋಡಲು ಆಸ್ಪತ್ರೆಯ ಸಮಿತಿ ಒಪ್ಪಿದ್ದು ಎಷ್ಟೋ ಅಲೆದಾಟದ ನಂತರ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಸದ್ದಿನ ಗುರಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರು. ಪ್ರಭು ಎದ್ದು ನಿಂತ. ಆಸ್ಪತ್ರೆಯ ಕೋಣೆಯ ತುಂಬ ಓಡಾಡಿದ. ಬಾಗಿಲು ತೆರೆದು ನೋಡಿದ, ಮೇಜಿನಡಿ ಬಗ್ಗಿ ನೋಡಿದ. ಸಂತೆಯಲ್ಲಿ ಕೈಬಿಟ್ಟ ಮಗುವಿನ ಹಾಗೆ ಉಸಿರು ಜೋರಾಯಿತು. ನೀಲಾಳ ಮುಖ ನೋಡಿದ, ಮುಂದೆ ಹೋದ. ತಾಯಿಯ ಮುಖ ನೋಡಿದ, ಮುಂದೆ ಹೋದ. ಅನ್ವರ ಕುಕ್ಕರಾದ, ಕಂಡಕ್ಟರಾದ, ಮುಖ್ಯ ಅತಿಥಿಯಾಗಿ ಕೆಮ್ಮಿದ, ಕೊನೆಗೆ ಪ್ರಭುವಿನ ದನಿಯಲ್ಲೇ ಪ್ರಭುವನ್ನು ಕರೆದ. ಪ್ರಭು ಅವನನ್ನು ಬದಿಗೆ ಸರಿಸಿ ಅವನ ಹಿಂದೆ ಯಾರಾದರೂ ಇದ್ದಾರೇನೋ ಅಂತ ಇಣುಕಿದ. ಪಟ್ಟಿಯ ದೀಪ ಆರಿತು. ಹೋಗಿ ಗೋಡೆ ನೋಡುತ್ತ ಕೂತ.

"ಹಸಿವು ಎದ್ದಿದೆ, ಅನ್ನ ಯಾವುದು ಅಂತ ಗೊತ್ತಾಗುತ್ತಿಲ್ಲ," ಅಂದರು ಡಾಕ್ಟರು. ಮಿದುಳಿನ ಸ್ಕ್ಯಾನ್ ಚಿತ್ರ ತೋರಿಸಿದರು. ಹೋದ ವರ್ಷ ದಟ್ಟವಾಗಿದ್ದ ಚುಕ್ಕಿ ಈಗ ಸವೆದ ನಾಣ್ಯದಂತಿತ್ತು. "ಬಳಕೆಯಿಲ್ಲದ ಕೋಶಗಳು ಸಾಯುತ್ತಿವೆ. ಪಟ್ಟಿಯ ಬಿಸಿಯನ್ನು ಮಿದುಳು ಇನ್ನೊಂದೇ ಸಲ ತಾಳೀತು. ಅದಾದ ಮೇಲೆ ನಾವು ಯಾರೂ ಒಪ್ಪುವುದಿಲ್ಲ, ನೀವೂ ಒಪ್ಪಬಾರದು."

ಮರುದಿನ ನೀಲಾ ಇಲಿಮನೆಯಲ್ಲಿ ಅದನ್ನೇ ಕಂಡಳು. ಜ್ವರದ ಇಲಿಯೊಂದಕ್ಕೆ ಅನ್ವರ ಸೋಮಲಿಂಗ ಅಂತ ಹೆಸರಿಟ್ಟಿದ್ದ. ಬೆಳಕು ಕೊಟ್ಟ ಕೂಡಲೇ ಸೋಮಲಿಂಗ ಮೂಲೆ ಮೂಲೆ ಹುಡುಕಿತು, ತಂಗಿಯ ಮೂತಿಗೆ ಮೂತಿ ತಾಗಿಸಿತು, ದಾಟಿ ಹೋಯಿತು. ಗುರಿ ಬದಲಿಸಿದಳು. ಹೊತ್ತು ಬದಲಿಸಿದಳು. ತಂಗಿಯ ಬದಲು ತಾಯಿಯನ್ನು ಬಿಟ್ಟಳು. ಸೋಮಲಿಂಗ ಎಲ್ಲರನ್ನೂ ದಾಟಿತು.

ಅವಳು ಕೈಗವಸು ಬಿಚ್ಚಿ ಸ್ಟೂಲಿನ ಮೇಲೆ ಕೂತಳು.

"ಅನ್ವರ, ಅವರ ದನಿಯಾಗ ನನ್ನ ಒಮ್ಮೆ ಕರಿ."

"ಬ್ಯಾಡ್ರಿ ಮೇಡಂ."

"ಒಮ್ಮೆ."

ಅನ್ವರ ಅವಳಿಗೆ ಬೆನ್ನು ಮಾಡಿ ಪಂಜರಗಳ ಕಡೆ ತಿರುಗಿದ. ಗಂಟಲು ಸರಿ ಮಾಡಿಕೊಂಡ. "ನೀಲೂ... ಚಾ ಆತೇನ?"

ಅದೇ ದನಿ, 'ಚಾ' ಅನ್ನುವಲ್ಲಿ ಅದೇ ಎಳೆತ. ನೀಲಾ ಎರಡೂ ಕೈಯಿಂದ ಸ್ಟೂಲಿನ ಅಂಚು ಹಿಡಿದುಕೊಂಡಳು.

"ಸಾಕು," ಅಂದಳು. ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಮ್ಮೆ," ಅಂದಳು.

ಅನ್ವರ ಇನ್ನೊಮ್ಮೆ ಕರೆದ. ಮೂರನೆಯ ಸಲ ಅವನಿಗೆ ದನಿ ಹೊರಡಲಿಲ್ಲ. ಊರನ್ನೆಲ್ಲ ನಗಿಸಿದ ವಿದ್ಯೆಯಿಂದ ಇಬ್ಬರೂ ಅಳುತ್ತ ಕೂತರು. ಇಲಿಗಳು ಚಕ್ರ ತಿರುಗಿಸುತ್ತಲೇ ಇದ್ದವು.

ಆ ವಾರ ಪಂಜರ ಬದಲಿಸುವ ದಿನ ಕರೆಂಟು ಹೋಯಿತು. ಇಲಿಮನೆಯ ಕಟ್ಟುನಿಟ್ಟು ಏನೆಂದರೆ, ಪ್ರತಿ ಪ್ರಯೋಗಕ್ಕೆ ಮೊದಲು ಪಂಜರ ಹೊಸದಾಗಬೇಕು, ಹಾಸಿಗೆಯ ಮರದ ಹೊಟ್ಟು ಹಬೆಯಲ್ಲಿ ಬೆಂದು ಬರಬೇಕು, ಎದುರಿಗೆ ಬಿಡುವ ಇಲಿಯನ್ನೂ ಒದ್ದೆ ಹತ್ತಿಯಲ್ಲಿ ಒರೆಸಿರಬೇಕು. ಹಳೆಯ ವಾಸನೆ ಯಾವುದೂ ಲೆಕ್ಕ ಕೆಡಿಸಬಾರದು. ಈ ನಿಯಮ ಬರೆದವಳು ನೀಲಾ. ಆ ದಿನ ಹಬೆಯಂತ್ರ ನಿಂತಿತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಬ್ಯಾಟರಿಯ ಮೇಲೆ ಓಡುವ ದೀಪವನ್ನು ಮಾತ್ರ ಪರೀಕ್ಷಿಸೋಣ ಅಂತ ಅನ್ವರ ಸೋಮಲಿಂಗನನ್ನು ಹಳೆಯ ಪಂಜರದಲ್ಲೇ, ಉಚ್ಚೆ-ಹಿಕ್ಕೆ-ಗೂಡು ಎಲ್ಲದರ ನಡುವೆ ಬಿಟ್ಟ. ತಂಗಿಯನ್ನೂ ಒರೆಸದೆ ಹಾಗೇ ತಂದು ಬಿಟ್ಟ.

"ಮೇಡಂ, ಬೈಬ್ಯಾಡ್ರಿ. ಪಂಜರಾ ಬದಲಿ ಮಾಡಿಲ್ರಿ. ಆದ್ರ ಒಮ್ಮೆ ಬಂದು ನೋಡ್ರಿ."

ಸೋಮಲಿಂಗ ತಂಗಿಯ ಕಿವಿಯ ಹಿಂದೆ ಮೂಗಿಟ್ಟು ನಿಂತಿತ್ತು. ಬಹಳ ಹೊತ್ತು ಮೂಸಿತು. ಆಮೇಲೆ ತಲೆ ತಗ್ಗಿಸಿ ಅವಳ ಹೊಟ್ಟೆಯಡಿ ತೂರಿತು. ಎರಡು ಇಲಿಗಳು ಸೇರಿ ಒಂದು ಉಣ್ಣೆಯುಂಡೆಯಾದವು. ದೀಪ ಆರಿಸಿದರು. ಉಂಡೆ ಬಿಚ್ಚಿಕೊಳ್ಳಲಿಲ್ಲ.

ನೀಲಾ ಪಂಜರದ ಮುಂದೆ ಬಗ್ಗಿ ಕೂತು ಲೆಕ್ಕ ಹಾಕಿದಳು. ಹಸಿವಿನ ಕೋಶಗಳು 'ಯಾರಾದರೂ ಬೇಕು' ಅನ್ನುತ್ತವೆ, ಅಷ್ಟೇ. 'ಇದು ಯಾರು' ಅನ್ನುವ ಪ್ರಶ್ನೆ ಮಿದುಳಿನ ಇನ್ನೊಂದು ಮೂಲೆಯದು, ಮತ್ತು ಇಲಿಯಲ್ಲಿ ಅದರ ಉತ್ತರ ಮೂಗಿನಿಂದ ಬರಬೇಕು. ಇಷ್ಟು ದಿನ ಅವಳು ಆ ಉತ್ತರವನ್ನೇ ಹತ್ತಿಯಲ್ಲಿ ಒರೆಸಿ, ಆಮೇಲೆ ಇಲಿಗೆ ಪ್ರಶ್ನೆ ಕೇಳುತ್ತಿದ್ದಳು. ಮನುಷ್ಯರಿಗಾದರೆ ಮುಖವಿದೆ, ದನಿಯಿದೆ. ಆದರೆ ಮುಖ, ದನಿ ಎರಡೂ ಮಿದುಳಿನ ನಡುವಿನ ದೊಡ್ಡ ಜಂಕ್ಷನ್ನಿನಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಜ್ವರ ಆ ಜಂಕ್ಷನ್ನನ್ನೂ ಕೆಡಿಸಿತ್ತು. ವಾಸನೆಯೊಂದೇ ಜಂಕ್ಷನ್ನಿಗೆ ಹೋಗದೆ ಒಳದಾರಿ ಹಿಡಿದು ನೇರ ಮನೆಗೆ ಮುಟ್ಟುವಂಥದ್ದು.

"ಇಲಿ ಸಲುವಾಗಿ ನನ್ನ ನಾ ತೊಳಕೊಂಡೆ, ಅನ್ವರ," ಅಂದಳು. "ಅವರ ಸಲುವಾಗಿ ಮನೀನs ತೊಳದುಬಿಟ್ಟೆ. ಅವರು ಯಾರನ್ನಂತ ಹುಡುಕಬೇಕೋ?"

ಕೊನೆಯ ಸಲ ಪಟ್ಟಿ ಕಟ್ಟುವುದು ಮನೆಯಲ್ಲೇ ಆಗಬೇಕು ಅಂತ ಅವಳು ಹಟ ಹಿಡಿದಳು. ಡಾಕ್ಟರು ಮೊಬೈಲಿನ ಪರದೆಯಲ್ಲಿ ಕೂತು ನೋಡುವುದು, ಅನ್ವರ ಪಟ್ಟಿ ನಡೆಸುವುದು ಅಂತಾಯಿತು.

"ಅತ್ತಿ, ಎಲಿ-ಅಡಿಕಿ ಹಾಕ್ಕೋರಿ," ಅಂದಳು ನೀಲಾ.

ಈರವ್ವ ಸೊಸೆಯ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲಲ್ಲ."

"ಖರೇನs ಹೇಳಾಕತ್ತೇನ್ರಿ. ಚೀಲಾ ಒಗದು ಬಿಟ್ಟೀರೇನು?"

ಈರವ್ವ ಜೋಳದ ಹಿಟ್ಟಿನ ಡಬ್ಬಿಯೊಳಗೆ ಮೊಣಕೈ ತನಕ ಕೈ ಹಾಕಿ, ಹಿಟ್ಟು ಬಳಿದುಕೊಂಡ ಎಲೆಚೀಲವನ್ನು ಹೊರತೆಗೆದಳು. "ತಂಬಾಕೂ ಹಾಕ್ಕೊಳ್ಲೇನ?"

"ಹಾಕ್ಕೋರಿ."

"ಸೊಸಿ ಬಾಯಾಗಿಂದ ಇಂಥಾ ಮಾತು ಕೇಳಾಕs ದೇವರು ನನ್ನ ಇಟ್ಟಿದ್ದ ನೋಡು."

ಅಡಿಗೆಮನೆಯಲ್ಲಿ ಬಳ್ಳೊಳ್ಳಿ ಚಟಪಟ ಸಿಡಿಯಿತು. ಗುರೆಳ್ಳು ಹುರಿದು ಕುಟ್ಟಿದರು. ನೀಲಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೆರಳು ಹಾಕಿ, ಮಾರುದ್ದ ಮಲ್ಲಿಗೆ ಮುಡಿದಳು. ಕನ್ನಡಿಯಲ್ಲಿ ತನ್ನನ್ನು ಕಂಡು ಹೆಣ್ಣು ನೋಡಲು ಬಂದವರ ಎದುರು ಕೂತ ಹಾಗಾಯಿತು. ಈ ಸಲವೂ ಒಪ್ಪದಿದ್ದರೆ?

ಅನ್ವರ ಪಟ್ಟಿ ಕಟ್ಟಿದ. ಹಸಿರು ದೀಪ ಹತ್ತಿತು.

ಪ್ರಭು ಎದ್ದ. ಅದೇ ಹುಡುಕಾಟ, ಅದೇ ಜೋರು ಉಸಿರು. ಬಾಗಿಲ ಹಿಂದೆ ನೋಡಿದ. ನಡುಮನೆಯ ಮಧ್ಯೆ ಬಂದು ಥಟ್ಟನೆ ನಿಂತ. ಮೂಗಿನ ಹೊಳ್ಳೆ ಅರಳಿದವು. ಬಾಯಲ್ಲಿ ಎಲೆ-ಅಡಿಕೆಯ ಕವಳ ತುಂಬಿಕೊಂಡ ತಾಯಿಯ ಬಳಿ ಹೋಗಿ ನಿಂತ. ಈರವ್ವ ಉಸಿರು ಬಿಗಿ ಹಿಡಿದಳು. ಅಲ್ಲಿಂದ ಹೊರಳಿ ನೀಲಾಳ ಬೆನ್ನ ಹಿಂದೆ ಬಂದ. ಅವಳ ಹೆರಳಿನ ಹತ್ತಿರ ಅವನ ಉಸಿರು ಬಿಸಿಯಾಗಿ ಬಿತ್ತು. ಅವಳು ಅಲುಗಲಿಲ್ಲ. ತಿರುಗಿ ನೋಡಿದರೆ ಎಲ್ಲಿ ಹೆದರಿ ಹೋದಾನೋ ಅಂತ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತ ನಿಂತಳು.

ದೀಪ ಆರಿತು.

ಪ್ರಭು ಹಿಂದೆ ಸರಿದ. ನಡೆದು ಹೋಗಿ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ನೀಲಾ ಎದುರಿಗೆ ಹೋಗಿ ಮಂಡಿಯೂರಿದಳು. "ಇವರs... ನಾನ್ರೀ." ಅವನ ಕಣ್ಣು ಅವಳ ತಲೆಯ ಮೇಲಿಂದ ದಾಟಿ ಗೋಡೆಯಲ್ಲಿತ್ತು. ಕಾದರು. ಹೊರಗೆ ತರಕಾರಿ ಗಾಡಿಯವನು ಬಂದು, ಕೂಗಿ, ಹೋದ. ಪರದೆಯ ಮೇಲಿನ ಡಾಕ್ಟರು ಕನ್ನಡಕ ತೆಗೆದರು. "ನೀಲಾಂಬಿಕಾ ಅವರೇ, ಪಟ್ಟಿ ಬಿಚ್ಚಿಬಿಡಿ. ನಿಮ್ಮಿಂದ ಆಗುವುದನ್ನೆಲ್ಲ ಮಾಡಿದ್ದೀರಿ," ಅಂದು ಪರದೆಯಿಂದ ಹೋದರು.

ಅನ್ವರ ಪಟ್ಟಿ ಬಿಚ್ಚಿದ. ನೀಲಾ ಎದ್ದು ಹೊರಗಿನ ಕಟ್ಟೆಗೆ ಬಂದು, ಮನೆಗೆ ಬೆನ್ನು ಹಾಕಿ ಕೂತಳು. ಹೆರಳಿನಿಂದ ಮಲ್ಲಿಗೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಒಂದೊಂದೇ ಕೋಶ ಆರುವುದು ಅವಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಮುಂದಿನ ಚಿತ್ರದಲ್ಲಿ ಚುಕ್ಕಿ ಇನ್ನಷ್ಟು ಸವೆದಿರುತ್ತದೆ. ಅದರ ಮುಂದಿನದರಲ್ಲಿ ಅದು ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಬೇಕಾಗುತ್ತದೆ. ಇಲಿಗೆ ಕೊಟ್ಟದ್ದನ್ನು ಗಂಡನಿಗೆ ಕೊಡಲಾಗಲಿಲ್ಲ. ಅಳು ಕೂಡ ಬರಲಿಲ್ಲ. ಹೊಟ್ಟೆಯೊಳಗೆಲ್ಲ ಫಿನೈಲು ಹಾಕಿ ತೊಳೆದ ಹಾಗಿತ್ತು.

"ಏ ನೀಲಾ! ಹಾಲು ಉಕ್ಕಿತ್ ನೋಡs!"

ಮಲ್ಲಿಗೆ ನೆಲಕ್ಕೆ ಬಿತ್ತು. ನೀಲಾ ಹೊಸ್ತಿಲು ಎಡವಿ, ನಡುಮನೆ ದಾಟಿ ಅಡಿಗೆಮನೆಗೆ ಓಡಿದಳು. ಒಲೆ ತಣ್ಣಗೆ. ಒಲೆಯ ಮೇಲೆ ಬಳ್ಳೊಳ್ಳಿ ಹುರಿದ ಬಾಣಲೆ, ಮತ್ತೇನಿಲ್ಲ. ಹಾಲಿನ ಪಾಕೀಟು ಫ್ರಿಜ್ಜಿನೊಳಗೆ ಒಡೆಯದೆ ಕೂತಿತ್ತು.

ಅವಳಿಗೆ ನಖಶಿಖಾಂತ ಉರಿಯಿತು. ಇಂಥ ಹೊತ್ತಿನಲ್ಲಿ!

"ಅತ್ತಿ, ಹಾಲs ಇಟ್ಟಿಲ್ಲ, ಉಕ್ಕೂದೆಲ್ಲಿಂದ ಬಂತ್ರಿ?" ಅನ್ನುತ್ತ ನಡುಮನೆಗೆ ಬಂದಳು.

ಈರವ್ವನ ಎರಡೂ ಗಲ್ಲ ಕವಳದಿಂದ ಉಬ್ಬಿದ್ದವು. ಮೂರು ವರ್ಷದ ಬಾಕಿಯನ್ನು ಒಂದೇ ಸಲಕ್ಕೆ ತುಂಬಿಕೊಂಡಿದ್ದಳು. ಬಾಯಿ ತೆರೆದರೆ ನಡುಮನೆ ಕೆಂಪಾಗುತ್ತಿತ್ತು. ಕಣ್ಣು ಅಗಲಿಸಿ, ಎರಡೂ ಕೈ ಅಲ್ಲಾಡಿಸಿ, ನಾನಲ್ಲ ನಾನಲ್ಲ ಅನ್ನುತ್ತಿದ್ದಳು.

ನೀಲಾ ಸರ್ರನೆ ಅನ್ವರನ ಕಡೆ ತಿರುಗಿದಳು. "ನಿನಗ ನಾಚಿಕಿ ಅನ್ನೂದು ಐತೇನೋ?"

ಅನ್ವರ ವೈರು ಸುತ್ತುತ್ತಿದ್ದ. ಅದರ ಪ್ಲಗ್ಗು ಅವನ ಹಲ್ಲುಗಳ ನಡುವೆ ಇತ್ತು. ಅದನ್ನು ಉಗುಳಿ, ಪಿಸುದನಿಯಲ್ಲಿ, "ನಾ ಅಲ್ರಿ ಮೇಡಂ," ಅಂದ. "ಆ ದನಿ ನನಗ ಎಂದೂ ಬಂದಿಲ್ರಿ."

ಮನೆಯಲ್ಲಿ ಇನ್ನೊಂದೇ ಬಾಯಿ ಉಳಿದಿತ್ತು.

ಕುರ್ಚಿ ಗೋಡೆಯ ಕಡೆಗಿರಲಿಲ್ಲ. ಅಡಿಗೆಮನೆಯ ಬಾಗಿಲು ಕಾಣುವಷ್ಟು ಹೊರಳಿತ್ತು. ಅದರಲ್ಲಿ ಪ್ರಭು ಕೂತಿದ್ದ, ಹಳೆಯದೊಂದು ಪೇಪರು ಹಿಡಿದು, ಗುಡಿಯ ಮುಂದಿನ ಬಸವಣ್ಣನಂತೆ ಮುಖ ಮಾಡಿಕೊಂಡು. ಕಪಾಟನ್ನು ಯಾರೂ ಹೀಗೆ ಓಡಿಸುವುದಿಲ್ಲ. ಇಂಥವಳೊಬ್ಬಳು ಇದ್ದಾಳೆ, ಇಂಥ ದನಿಗೆ ಓಡುತ್ತಾಳೆ, ಓಡಿ ತಿರುಗಿ ಬರುತ್ತಾಳೆ ಅಂತ ಗೊತ್ತಿದ್ದವನು ಮಾತ್ರ ಹೀಗೆ ಕೂತಾನು. ಪೇಪರು ಸಣ್ಣಗೆ ನಡುಗುತ್ತಿತ್ತು. ಅದರ ಅಂಚಿನ ಮೇಲಿಂದ ಎರಡು ಕಣ್ಣು ಅವಳನ್ನು, ಅವಳ ಹಿಂದಿನ ಗೋಡೆಯನ್ನಲ್ಲ, ಅವಳನ್ನು ನೋಡಿದವು.

"ದಿನಾ ಒಂದs ಹಳ್ಳ," ಅಂದ. ದನಿ ತುಕ್ಕು ಹಿಡಿದಿತ್ತು.

ಮೊದಲು ನಕ್ಕವನು ಅವನೇ, ಸದ್ದಿಲ್ಲದೆ, ಭುಜ ಕುಲುಕಿಸಿ. ಈರವ್ವ ಹಿತ್ತಲಿಗೆ ಓಡುವಷ್ಟರಲ್ಲಿ ತಡೆಯಲಾರದೆ ಮೂರು ವರ್ಷ ಫಿನೈಲಿನಲ್ಲಿ ಒರೆಸಿದ ನೆಲದ ಮೇಲೆಲ್ಲ ಕವಳ ಉಗಿದು, ಅಳುತ್ತ ನಕ್ಕಳು. ಅನ್ವರ ವೈರಿನ ಸಮೇತ ಕುಸಿದು ಕೂತು ನಕ್ಕ. ಆದರೆ ಓಣಿಯ ತುದಿಗೆ ಹೋಗಿದ್ದ ತರಕಾರಿ ಗಾಡಿಯವನು ನಿಂತು ತಿರುಗಿ ನೋಡುವಷ್ಟು ಜೋರಾಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು, ಉಸಿರು ಸಿಗದೆ, ಹೊಟ್ಟೆ ಹಿಡಿದು ನಕ್ಕವಳು ಮತ್ತೊಮ್ಮೆ ಅದೇ ಹಳ್ಳಕ್ಕೆ ಬಿದ್ದವಳು.